ಬಗ್ಗಿದ ಮೇಲೆ ಏಳುವ ಬಲ

ಹಾವೇರಿ ಜಿಲ್ಲೆಯ ಹಾನಗಲ್ಲು ತನ್ನನ್ನು ವಿರಾಟನಗರವೆಂದು ಹೇಳಿಕೊಳ್ಳುವ ಊರು. ಪಾಂಡವರು ಅಜ್ಞಾತವಾಸವನ್ನು ಕಳೆದುದು ಇಲ್ಲಿಯೇ ಎಂಬುದು ಊರವರ ನಂಬುಗೆ. ಕುಂತಿಯ ದಿಬ್ಬವೆಂದು ಒಂದು ದಿಣ್ಣೆಯನ್ನು ತೋರಿಸುವುದೂ ಉಂಟು. ಇಂತಹ ಐತಿಹ್ಯವನ್ನು ಹೇಳಿಕೊಳ್ಳುವ ಊರುಗಳು ಭರತಖಂಡದಲ್ಲಿ ಒಂದೆರಡಲ್ಲವಾದುದರಿಂದ ಇದನ್ನು ಚರಿತ್ರೆಯೆಂದು ಒಪ್ಪಬೇಕೆಂಬ ನಿರ್ಬಂಧ ಯಾರಿಗೂ ಇಲ್ಲ. ಆದರೂ ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದ ಭೀಮಸೇನನು ಬ್ರಹ್ಮೋತ್ಸವದ ಕಣಕ್ಕಿಳಿದು, ಯಾರಿಗೂ ಬಗ್ಗದ ಜೀಮೂತನೆಂಬ ಮಲ್ಲನನ್ನು ಎತ್ತಿ ತಿರುತಿರುಗಿಸಿ ನೆಲಕ್ಕೆ ಕೆಡಹಿದ ಕಥೆಯು ಕುಸ್ತಿಯ ಹುಚ್ಚಿರುವ ಈ ಸೀಮೆಗೆ ಬಹಳ ಚೆನ್ನಾಗಿ ಒಪ್ಪುತ್ತದೆಂಬುದರಲ್ಲಿ ಸಂದೇಹವಿಲ್ಲ.

ಐತಿಹ್ಯವನ್ನು ಬಿಟ್ಟು ಚರಿತ್ರೆಗೆ ಬಂದರೂ ಮಲ್ಲರ ಸುದ್ದಿ ತಪ್ಪುವುದಿಲ್ಲ. ಹಾನಗಲ್ಲಿನ ಸುತ್ತಣ ಪಾನುಂಗಲ್ಲು ಐನೂರೆಂಬ ನಾಡನ್ನು ಆಳುತ್ತಿದ್ದ ಕದಂಬರು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದರು. ಆ ಚಾಲುಕ್ಯ ಸಿಂಹಾಸನವನ್ನು 1126ರಲ್ಲಿ ಏರಿದ ಮೂರನೆಯ ಸೋಮೇಶ್ವರನು, ದಂಡಯಾತ್ರೆಗಿಂತ ವಿದ್ಯೆಯಲ್ಲಿಯೇ ಹೆಚ್ಚು ರುಚಿಯುಳ್ಳವನಾಗಿ ಸರ್ವಜ್ಞನೆಂಬ ಬಿರುದನ್ನು ಹೊತ್ತವನು, 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವಿಂಗಡಿಸುವ ಕ್ರಮವನ್ನೂ ಅವರ ಆಹಾರವನ್ನೂ ಹೇಳಿ, ಅವರು ಮಾಡಬೇಕಾದ ಶ್ರಮಗಳನ್ನು ಅವನು ಹೆಸರಿಟ್ಟು ಹೇಳುತ್ತಾನೆ: ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ತೋಳಿಗೆ ತೋಳು ಹಚ್ಚಿ ಬಲವನ್ನು ಪರೀಕ್ಷಿಸುವ ಬಾಹುಪೆಲ್ಲಣಕ, ನೆಟ್ಟ ಕಂಬವನ್ನು ಆಶ್ರಯಿಸಿ ಮಾಡುವ ಸ್ತಂಭಶ್ರಮ. ಕಂಬವನ್ನು ತಬ್ಬಿ, ಹತ್ತಿ, ಮೈಯನ್ನು ತಿರುಚುವವನೂ ಭಾರವನ್ನೆತ್ತುವವನೂ ಈ ಪಟ್ಟಿಯಲ್ಲಿ ಒಬ್ಬನೇ ಮನುಷ್ಯನೆಂಬುದನ್ನು ಓದುಗರು ಗಮನಿಸಬೇಕು. ಬಲವೊಂದು ವಿದ್ಯೆ, ಮೈಯ ಬಾಗುವಿಕೆ ಇನ್ನೊಂದು ವಿದ್ಯೆ, ಇವೆರಡನ್ನೂ ಬೇರೆ ಬೇರೆ ದಿನ ಬೇರೆ ಬೇರೆ ಗುರುಗಳಿಂದ ಕಲಿಯತಕ್ಕದ್ದೆಂಬ ಭಾವನೆ ಆ ರಾಜನಿಗೆ ಇದ್ದಂತೆ ಕಾಣುವುದಿಲ್ಲ.

ನಮ್ಮ ಕಾಲದಲ್ಲಿ ಆ ಭಾವನೆ ಬಲವಾಗಿದೆ. ಜಿಮ್ಮಿಗೆ ಹೋಗುವ ಹುಡುಗನು ತೋಳು ಬೆಳೆಸುತ್ತಾನೆ. ಯೋಗದ ತರಗತಿಗೆ ಹೋಗುವವಳು ಬೆನ್ನು ಬಾಗಿಸುತ್ತಾಳೆ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸವನ್ನು ಕೆಡಿಸೀತೆಂದು ಇಬ್ಬರೂ ಒಳಗೊಳಗೆ ಅಂಜುತ್ತಾರೆ. ಭಾರವೆತ್ತಿದರೆ ಮೈ ಕಟ್ಟಿಹೋಗುತ್ತದೆ, ಓಟ ಕುಂದುತ್ತದೆ, ಕೈ ಬೆನ್ನಿಗೆ ಎಟುಕುವುದಿಲ್ಲ ಎಂಬ ಈ ಅಂಜಿಕೆ ಹೊಸದೂ ಅಲ್ಲ, ನಮ್ಮೊಬ್ಬರದೂ ಅಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ವ್ಯಾಯಾಮಶರೀರಶಾಸ್ತ್ರದ ಆಚಾರ್ಯನಾಗಿದ್ದ ಪೀಟರ್ ಕಾರ್ಪೊವಿಚ್ ಎಂಬ ವಿದ್ವಾಂಸನೂ ಇದನ್ನೇ ನಂಬಿದ್ದವನು. 1940ರಲ್ಲಿ ಆ ಕಾಲೇಜಿಗೆ ಭಾರವೆತ್ತುವವರ ತಂಡವೊಂದು ಪ್ರದರ್ಶನಕ್ಕೆ ಬಂದಾಗ, ಅದರಲ್ಲಿದ್ದ ಜಾನ್ ಗ್ರಿಮೆಕ್ ಎಂಬ ದೃಢಕಾಯನನ್ನು ಕುರಿತು, ನಿನ್ನ ಬೆನ್ನಿನ ನಡುಭಾಗವನ್ನು ಕೆರೆದುಕೊಳ್ಳಬಲ್ಲೆಯಾ ಎಂದು ಅವನು ಕೇಳಿದನಂತೆ. ಗ್ರಿಮೆಕ್ ಸಲೀಸಾಗಿ ಕೆರೆದುಕೊಂಡುದಲ್ಲದೆ, ಎರಡೂ ಕಾಲುಗಳನ್ನು ಅತ್ತಿತ್ತ ಚಾಚಿ ನೆಲಕ್ಕೆ ಕುಳಿತು ತೋರಿಸಿದನು. ಕಾರ್ಪೊವಿಚ್ ದೊಡ್ಡ ಮನಸ್ಸಿನವನಾದುದರಿಂದ ಮುಖ ಸಿಂಡರಿಸಿಕೊಂಡು ಕುಳಿತುಕೊಳ್ಳಲಿಲ್ಲ. ಮುಂದೆ ಶಿಷ್ಯನೊಬ್ಬನೊಡನೆ ಸೇರಿ, ಭಾರವೆತ್ತುವ 300 ಜನರನ್ನೂ ಎತ್ತದ 300 ಜನರನ್ನೂ ಕೂಡಿಸಿ, ತೋಳಿನ ವೇಗವನ್ನು ಅಳೆದು, ಎತ್ತುವವರದೇ ಚುರುಕು ಹೆಚ್ಚೆಂದು 1951ರಲ್ಲಿ ತಾನೇ ಪ್ರಕಟಿಸಿದನು.

ಇಷ್ಟೆಲ್ಲ ದೂರ ಹೋಗಬೇಕಾಗಿರಲಿಲ್ಲ. ಶಿಗ್ಗಾಂವಿ, ಹಾನಗಲ್ಲು ಸೀಮೆಯ ಯಾವುದಾದರೊಂದು ಗರಡಿಮನೆಯಲ್ಲಿ ಬೆಳಗಿನ ಜಾವ ಒಬ್ಬ ಹುಡುಗ ದಂಡ ಹೊಡೆಯುವುದನ್ನು ನೋಡಿದ್ದರೂ ಸಾಕಾಗುತ್ತಿತ್ತು. ಎಣ್ಣೆ, ಮಜ್ಜಿಗೆ, ಅರಿಷಿಣಗಳನ್ನು ಹಾಕಿ ಹದಮಾಡಿದ ಕೆಮ್ಮಣ್ಣಿನ ಕಣದ ಅಂಚಿನಲ್ಲಿ ಅವನು ಎರಡೂ ಅಂಗೈಗಳನ್ನು ಊರಿ, ಕಾಲುಗಳನ್ನು ಹಿಂದಕ್ಕಿಟ್ಟು, ಟೊಂಕವನ್ನು ಮೇಲೆತ್ತಿ ನಿಲ್ಲುತ್ತಾನೆ. ಆಗ ಹಿಮ್ಮಡಿ ನೆಲದ ಕಡೆಗೆ ಎಳೆಯುತ್ತದೆ. ಮೀನಖಂಡವೂ ತೊಡೆಯ ಹಿಂಭಾಗವೂ ಉದ್ದವಾಗುತ್ತವೆ. ತೋಳುಗಳು ಕಿವಿಯ ಪಕ್ಕಕ್ಕೆ ಬಂದು ಹೆಗಲಿನ ಕೀಲು ಪೂರ್ತಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಅವನು ಮೊಣಕೈ ಮಡಿಸಿ, ಎದೆಯನ್ನು ನೆಲಕ್ಕೆ ತಾಗಿಯೂ ತಾಗದಂತೆ ಮುಂದಕ್ಕೆ ಜಾರಿಸುತ್ತಾನೆ. ಕೈಗಳ ನಡುವಿನಿಂದ ಎದೆ ಪಾರಾದೊಡನೆ ಮೊಣಕೈಗಳು ನೆಟ್ಟಗಾಗುತ್ತವೆ, ಮುಖ ಮೇಲಕ್ಕೆ ಏಳುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಇದುವರೆಗೆ ಮಡಿಸಿಕೊಂಡಿದ್ದ ಹೊಟ್ಟೆಯ ಮತ್ತು ತೊಡೆಸಂದಿನ ಸ್ನಾಯುಗಳು ಈಗ ಹಿಗ್ಗುತ್ತವೆ. ಮರುಕ್ಷಣವೇ ಟೊಂಕವನ್ನು ಹಿಂದಕ್ಕೆ ತಳ್ಳಿ ಮೊದಲಿನ ಭಂಗಿಗೆ. ಒಂದು ದಂಡವೆಂದರೆ ಇಷ್ಟು. ಇದರಲ್ಲಿ ಹೆಗಲು, ಬೆನ್ನುಮೂಳೆಯ ಮಣಿಗಳು, ಟೊಂಕ, ಹರಡುಗಳೆಲ್ಲವೂ ತಮ್ಮ ಚಲನೆಯ ಬಹುಭಾಗವನ್ನು ಹಾದುಹೋದುವು. ಹಾದುಹೋದಷ್ಟು ಹೊತ್ತೂ ಮೈಯ ಭಾರವನ್ನು ಹೊತ್ತುಕೊಂಡೇ ಹಾದುಹೋದುವು. ಇದನ್ನು ಶಕ್ತಿಯ ವ್ಯಾಯಾಮವೆನ್ನೋಣವೆ, ಬಾಗುವಿಕೆಯ ವ್ಯಾಯಾಮವೆನ್ನೋಣವೆ? ಗರಡಿಯ ಗುರುವಾದ ವಸ್ತಾದನಿಗೆ ಆ ಗೋಜಲು ಇಲ್ಲ. “ಲೇ ತಮ್ಮಾ, ಬಗ್ಗಿದ್ರ ಸಾಲದು, ಬಗ್ಗಿದ ಮ್ಯಾಲ ಏಳಾಕ ಬರಬೇಕು” ಎಂಬ ಧಾಟಿಯಲ್ಲಿ ಗದರಿಸಿ ಅವನು ಮುಂದಿನ ಹುಡುಗನ ಕಡೆಗೆ ತಿರುಗುತ್ತಾನೆ.

ಬೈಠಕ್ಕೂ ಹಾಗೆಯೇ. ಹಿಮ್ಮಡಿಯೆತ್ತಿ ಪೂರ್ತಿ ಕುಕ್ಕರಿಸಿ ಕುಳಿತು ಏಳುವಾಗ ಮೊಣಕಾಲು ತನ್ನಿಂದ ಸಾಧ್ಯವಾದಷ್ಟು ಮಡಿಚಿ ಮತ್ತೆ ನೆಟ್ಟಗಾಗುತ್ತದೆ. ಗದೆಯನ್ನು ಹೆಗಲಿನ ಹಿಂದಿನಿಂದ ಸುತ್ತಿ ತರುವಾಗ ತುದಿಯ ಭಾರವು ತೋಳನ್ನು ಅದರ ಮೇರೆಯವರೆಗೆ ಒಯ್ಯುತ್ತದೆ, ಒಯ್ದಲ್ಲಿಂದಲೇ ತೋಳು ಅದನ್ನು ಹಿಂದಕ್ಕೆಳೆಯಬೇಕಾಗುತ್ತದೆ. ಸೋಮೇಶ್ವರನ ಸ್ತಂಭಶ್ರಮದ ವಂಶದ್ದೇ ಆದ ಮಲ್ಲಕಂಬವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪೇಶ್ವೆ ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದೇವಧರನು ಮತ್ತೆ ಚಲಾವಣೆಗೆ ತಂದನು; ಔಡಲೆಣ್ಣೆ ಸವರಿದ ಆ ನುಣುಪು ಕಂಬದ ಮೇಲೆ ತೊಡೆಯ ಹಿಡಿತ ಸಡಿಲಿದರೆ ಎಷ್ಟು ಬಾಗಬಲ್ಲವನಾದರೂ ಕೆಳಗೆ ಬೀಳುವನು, ಮೈ ಬಾಗದಿದ್ದರೆ ಎಷ್ಟು ಹಿಡಿತದವನಾದರೂ ಒಂದು ಪಟ್ಟನ್ನೂ ಮುಗಿಸಲಾರನು. ಹೀಗೆ ಗರಡಿಯ ಸಾಧನಗಳಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ, ಸ್ನಾಯುವು ಅತ್ಯಂತ ಉದ್ದವಾಗಿರುವ ಸ್ಥಿತಿಯಲ್ಲಿಯೇ ಅದರಿಂದ ಕೆಲಸ ತೆಗೆಯುವ ಯುಕ್ತಿ ಕಾಣುತ್ತದೆ. ಈ ಯುಕ್ತಿಗೆ ಕಾರಣವನ್ನು ವಿಜ್ಞಾನ ಕಂಡುಕೊಂಡುದು ತೀರ ಈಚೆಗೆ.

ಸ್ನಾಯುವೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಪ್ರತಿಯೊಂದು ತಂತುವೂ ಅಡ್ಡಪಟ್ಟೆಗಳುಳ್ಳದ್ದಾಗಿ ಕಾಣುತ್ತದೆ. ಪಟ್ಟೆಯಿಂದ ಪಟ್ಟೆಗೆ ಇರುವ ಒಂದು ಖಂಡಕ್ಕೆ ಸಾರ್ಕೋಮಿಯರ್ ಎಂದು ಹೆಸರು. ಅದರ ಉದ್ದ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಸುಮಾರು ಎರಡೂವರೆ ಭಾಗ. ಹತ್ತು ಸೆಂಟಿಮೀಟರಿನ ತಂತುವೊಂದರಲ್ಲಿ ಇಂತಹ ಖಂಡಗಳು ಒಂದರ ಹಿಂದೊಂದು ಸುಮಾರು 40,000 ಇರುತ್ತವೆ. ಖಂಡದೊಳಗೆ ದಪ್ಪ ಎಳೆಗಳೂ ತೆಳು ಎಳೆಗಳೂ, ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ತೂರಿಸಿದಾಗ ಇರುವಂತೆ, ಪರಸ್ಪರ ಹೊಕ್ಕು ನಿಂತಿವೆ. ಸ್ನಾಯು ಕುಗ್ಗುವಾಗ ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ, ಅಷ್ಟೆ. 1954ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಈ ಸಂಗತಿಯನ್ನು ಎರಡು ತಂಡಗಳು ಸ್ವತಂತ್ರವಾಗಿ ಸಾರಿದುವು: ಆಂಡ್ರೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ. ಇಬ್ಬರು ಹಕ್ಸ್‌ಲಿಗಳಿಗೆ ಬಳಗದ ಸಂಬಂಧವೇನೂ ಇರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಪಠ್ಯಪುಸ್ತಕಗಳನ್ನು ಓದುವ ವಿದ್ಯಾರ್ಥಿಗಳು ಅವರನ್ನು ಅಣ್ಣತಮ್ಮಂದಿರೆಂದೇ ತಿಳಿಯುವುದುಂಟು.

ಈ ಜಾರುವಿಕೆಯಿಂದ ಒಂದು ಫಲಿತಾಂಶ ಹೊರಡುತ್ತದೆ. ಬೆರಳುಗಳು ಅರ್ಧದಷ್ಟು ಹೊಕ್ಕಿರುವಾಗ ಹಿಡಿತ ಚೆನ್ನಾಗಿರುತ್ತದೆ. ತುದಿಗಳಷ್ಟೇ ತಾಕುವಂತೆ ಕೈಗಳನ್ನು ದೂರ ಸರಿಸಿದರೆ ಹಿಡಿತ ತಪ್ಪುತ್ತದೆ. ಬುಡದವರೆಗೂ ತುರುಕಿದರೆ ಮುಂದಕ್ಕೆ ಸರಿಯಲು ಎಡೆಯೇ ಉಳಿಯುವುದಿಲ್ಲ. ಸ್ನಾಯುವಿಗೂ ಬಲವನ್ನು ಹೆಚ್ಚಾಗಿ ಕೊಡಬಲ್ಲ ಒಂದು ನಡುವಣ ಉದ್ದವಿದೆಯೆಂದೂ ಅದಕ್ಕಿಂತ ಬಹಳ ಹಿಗ್ಗಿದರೆ ಬಲವು ಕ್ರಮವಾಗಿ ಇಳಿಯುವುದೆಂದೂ 1966ರಲ್ಲಿ ಗಾರ್ಡನ್, ಆಂಡ್ರೂ ಹಕ್ಸ್‌ಲಿ ಮತ್ತು ಜೂಲಿಯನ್ ಎಂಬವರು ಕಪ್ಪೆಯ ಒಂಟಿ ತಂತುವಿನ ಮೇಲೆ ಪ್ರಯೋಗಮಾಡಿ ತೋರಿಸಿದರು. ಎದುರಾಳಿಯು ಕಾಲನ್ನು ಎತ್ತಿ ಹೊರಕ್ಕೆಳೆದಿರುವಾಗ ಜಟ್ಟಿಯ ತೊಡೆಯ ಸ್ನಾಯು ಇರುವುದು ಈ ದುರ್ಬಲವಾದ ತುದಿಯಲ್ಲಿಯೇ. ಕಣದಲ್ಲಿ ಚಿತ್ ಆಗುವವನು ಬಹುಮಟ್ಟಿಗೆ ಬಲವಿಲ್ಲದವನಲ್ಲ. ಆ ಸ್ಥಾನದಲ್ಲಿ, ಆ ಉದ್ದದಲ್ಲಿ ಬಲವಿಲ್ಲದವನು.

ಹಾಗಾದರೆ ಆ ಉದ್ದವನ್ನು ತಡೆಯುವುದು ಯಾವುದು? ಬಗ್ಗಿ ಕಾಲ್ಬೆರಳು ಮುಟ್ಟಹೋದವನಿಗೆ ತೊಡೆಯ ಹಿಂದೆ ಸೆಳೆತ ಬಂದು ನಿಂತುಬಿಡುವುದು ಸ್ನಾಯು ಗಿಡ್ಡವಾಗಿರುವುದರಿಂದಲೇ ಎಂದು ಬಹುಕಾಲ ತಿಳಿಯಲಾಗಿತ್ತು. ಭಾಗಶಃ ಅದು ನಿಜ. ಸಾರ್ಕೋಮಿಯರಿನೊಳಗೆ ಟೈಟಿನ್ ಎಂಬ ಪ್ರೋಟೀನೊಂದಿದೆ. ಮನುಷ್ಯನ ಮೈಯ ಪ್ರೋಟೀನುಗಳಲ್ಲೆಲ್ಲ ದೊಡ್ಡದಾದ ಇದು ಹಿಗ್ಗಿದ ಖಂಡವನ್ನು ಹಿಂದಕ್ಕೆ ಸೆಳೆಯುವ ಕೆಲಸ ಮಾಡುತ್ತದೆ. ಆದರೆ ತಡೆಯುವವರಲ್ಲಿ ದೊಡ್ಡವನು ಸ್ನಾಯುವಿನಲ್ಲಿಲ್ಲ, ನರಮಂಡಲದಲ್ಲಿದ್ದಾನೆ. ಸ್ನಾಯುವಿನೊಳಗೆ ಹುದುಗಿರುವ ಸೂಕ್ಷ್ಮವಾದ ಇಂದ್ರಿಯಗಳು ಅದರ ಉದ್ದವನ್ನೂ ಉದ್ದವಾಗುವ ವೇಗವನ್ನೂ ಬೆನ್ನುಹುರಿಗೆ ಅನುಕ್ಷಣವೂ ತಿಳಿಸುತ್ತಿರುತ್ತವೆ. ಥಟ್ಟನೆ ಎಳೆದರೆ ಮಿದುಳಿನ ಅಪ್ಪಣೆಗೂ ಕಾಯದೆ ಸ್ನಾಯು ತಾನಾಗಿ ಬಿಗಿದುಕೊಳ್ಳುವುದನ್ನು ಲಿಡೆಲ್ ಮತ್ತು ಶೆರಿಂಗ್ಟನ್ 1924ರಲ್ಲಿಯೇ ವಿವರಿಸಿದ್ದರು. ಮೆಲ್ಲನೆ ಎಳೆದಾಗಲೂ, ಇಷ್ಟು ಸಾಕು, ಇದಕ್ಕಿಂತ ಮುಂದೆ ಅಪಾಯ ಎಂಬ ಸಂವೇದನೆ ಎಲ್ಲಿ ಮೂಡುವುದೋ ಅಲ್ಲಿಗೆ ನಮ್ಮ ಬಾಗುವಿಕೆ ಮುಗಿಯುತ್ತದೆ. ಡೆನ್ಮಾರ್ಕಿನ ಮ್ಯಾಗ್ನುಸನ್ ಮತ್ತು ಅವನ ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ವಾರ ತೊಡೆಯ ಹಿಂಭಾಗವನ್ನು ಹಿಗ್ಗಿಸಿದವರು ಮೊದಲಿಗಿಂತ ಹೆಚ್ಚು ಬಾಗಬಲ್ಲವರಾದರು. ಆದರೆ ಅವರ ಸ್ನಾಯುವಿನ ಬಿಗುಪು ಇದ್ದಂತೆಯೇ ಇತ್ತು. ಬದಲಾದುದು ಎಳೆತವನ್ನು ಸಹಿಸುವ ಶಕ್ತಿ.

ನನ್ನ ಮಟ್ಟಿಗೆ ಈ ಅಧ್ಯಾಯದ ತಿರುಳೆಲ್ಲ ಇರುವುದು ಇಲ್ಲಿಯೇ. ನರಮಂಡಲವು ಕಾರಣವಿಲ್ಲದೆ ಜಿಪುಣನಲ್ಲ. ಯಾವ ಭಂಗಿಯಲ್ಲಿ ಮೈಯನ್ನು ಹಿಡಿದು ನಿಲ್ಲಿಸುವ ಬಲವಿಲ್ಲವೋ ಆ ಭಂಗಿಗೆ ಹೋಗಲು ಅದು ಸಮ್ಮತಿಸುವುದಿಲ್ಲ. ಅಲ್ಲಿ ಬಲ ಬಂದಿತೆಂದು ಮನವರಿಕೆಯಾದಾಗ ಬೇಲಿಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತದೆ. ಹಿಗ್ಗಿಸುವುದನ್ನೇ ಮಾಡದೆ, ಭಾರವನ್ನು ಮಾತ್ರ ಪೂರ್ಣ ಚಲನೆಯಲ್ಲಿ ಎತ್ತಿದವರ ಬಾಗುವಿಕೆ ಹೆಚ್ಚಿದ ಸಂಗತಿಗೆ ಇದು ಸಮಾಧಾನವಾಗಿ ಒದಗುತ್ತದೆ. ಅಫೊನ್ಸೊ ಮತ್ತು ಸಂಗಡಿಗರು 2021ರಲ್ಲಿ 11 ಅಧ್ಯಯನಗಳ 452 ಜನರ ಫಲಿತಾಂಶವನ್ನು ಕೂಡಿಸಿ ನೋಡಿದಾಗ, ಕೀಲುಗಳ ಚಲನೆಯನ್ನು ಹೆಚ್ಚಿಸುವುದರಲ್ಲಿ ಬಲದ ಸಾಧನೆಗೂ ಹಿಗ್ಗಿಸುವ ಸಾಧನೆಗೂ ಹೇಳಿಕೊಳ್ಳುವ ಅಂತರ ಕಂಡುಬರಲಿಲ್ಲ. ಪೂರ್ಣ ಚಲನೆಯಲ್ಲಿ ಎಂಬ ಮಾತು ಮುಖ್ಯ. ಅರ್ಧಕ್ಕೆ ಕುಳಿತು ಅರ್ಧಕ್ಕೆ ಏಳುವವನು ಅರ್ಧ ಉದ್ದದ ಬಲವನ್ನಷ್ಟೇ ಪಡೆಯುವನು.

ನರಗಳ ಸಮ್ಮತಿಯಲ್ಲದೆ ಸ್ನಾಯುವಿನ ರಚನೆಯೂ ನಿಧಾನವಾಗಿ ಬದಲಾಗುವುದುಂಟು. ಬೆಕ್ಕಿನ ಕಾಲಿಗೆ ಪ್ಲಾಸ್ಟರಿನ ಕಟ್ಟು ಹಾಕಿ ಸ್ನಾಯುವನ್ನು ಹಿಗ್ಗಿದ ಸ್ಥಿತಿಯಲ್ಲಿ ಇರಿಸಿದಾಗ ನಾಲ್ಕು ವಾರಗಳಲ್ಲಿ ಅದರ ತಂತುಗಳಲ್ಲಿ ಸಾರ್ಕೋಮಿಯರುಗಳ ಸಂಖ್ಯೆ ಶೇಕಡ 19ರಷ್ಟು ಹೆಚ್ಚಿತೆಂದೂ, ಕುಗ್ಗಿದ ಸ್ಥಿತಿಯಲ್ಲಿ ಇರಿಸಿದಾಗ ಶೇಕಡ 40ರಷ್ಟು ಕಡಿಮೆಯಾಯಿತೆಂದೂ ಫ್ರಾನ್ಸಿನ ತಬಾರಿ ಮತ್ತು ಸಂಗಡಿಗರು 1972ರಲ್ಲಿ ಬರೆದರು. ಇಲಿಗಳನ್ನು ಇಳಿಜಾರಿನಲ್ಲಿ ಓಡಿಸಿದರೆ ಏರಿನಲ್ಲಿ ಓಡಿಸಿದುದಕ್ಕಿಂತ ಹೆಚ್ಚು ಖಂಡಗಳು ಸಾಲಿಗೆ ಸೇರುವುದೆಂದು 1994ರಲ್ಲಿ ಲಿನ್ ಮತ್ತು ಮಾರ್ಗನ್ ಕಂಡರು. ಇಳಿಜಾರಿನಲ್ಲಿ ಏನು ವಿಶೇಷ? ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯುತ್ತದೆ. ಹೀಗೆ ಹಿಗ್ಗುತ್ತ ತಡೆಯುವ ಕೆಲಸವು ಸ್ನಾಯುವಿಗೆ ಬಲವನ್ನೂ ಉದ್ದವನ್ನೂ ಒಟ್ಟಿಗೆ ಕೊಡುವಷ್ಟು ಬೇರಾವುದೂ ಕೊಡುವುದಿಲ್ಲವೆಂದು ಹೇಳಬಹುದು; ದಂಡದಲ್ಲಿ ಎದೆಯನ್ನು ತಗ್ಗಿಸುವಾಗಲೂ ಬೈಠಕ್ಕಿನಲ್ಲಿ ಮೆಲ್ಲನೆ ಕೂಡುವಾಗಲೂ ನಡೆಯುವುದು ಇದೇ.

ಈ ತಡೆಯುವ ಬಲದ ಬೆಲೆ ಏನೆಂಬುದನ್ನು ತಿಳಿಯಬೇಕಾದರೆ ದೀಪಾವಳಿಯ ತರುವಾಯ ಹಾನಗಲ್ಲ, ಹಿರೇಕೆರೂರ ಕಡೆಯ ಹೋರಿ ಹಬ್ಬಕ್ಕೆ ಹೋಗಬೇಕು. ಕೊಬ್ಬರಿಯ ಮಾಲೆಗಳನ್ನು ಕಟ್ಟಿಸಿಕೊಂಡು, ಬಣ್ಣಬಣ್ಣದ ಬಲೂನುಗಳನ್ನು ಏರಿಸಿಕೊಂಡ ಹೋರಿಯು, ಎರಡೂ ಬದಿಗೆ ಒತ್ತಿ ನಿಂತ ಜನದ ನಡುವಿನ ಓಣಿಯಲ್ಲಿ ಬಿಟ್ಟ ಬಾಣದ ಹಾಗೆ ನುಗ್ಗುವಾಗ, ಅದನ್ನು ಹಿಡಿದು ಕೊಬ್ಬರಿ ಹರಿಯಲೆಂದು ಕಾದಿರುವ ತರುಣರು ನಿಂತ ನಿಲುವಿನಿಂದ ಪೂರ್ಣವೇಗಕ್ಕೆ ಎರಡು ಮೂರು ಹೆಜ್ಜೆಗಳಲ್ಲಿ ಏರಬೇಕು, ಕೈಚಾಚಿ ಕೊರಳಿಗೆ ಜೋತುಬೀಳಬೇಕು, ಕೈಸಾಗದಿದ್ದರೆ ತಕ್ಷಣ ಪಕ್ಕಕ್ಕೆ ಹಾರಿ ಕೊಂಬಿನಿಂದ ತಪ್ಪಿಸಿಕೊಳ್ಳಬೇಕು. ಪ್ರಾಣಾಪಾಯ ಸಂಭವಿಸಿದ ಹಬ್ಬಗಳೂ ಇವೆಯಾದುದರಿಂದ ಇದನ್ನು ಹೊಗಳುವುದಕ್ಕೆ ನನ್ನ ಲೇಖನಿ ಹಿಂಜರಿಯುತ್ತದೆ. ಆದರೆ ಶರೀರಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ. ವೇಗವಾಗಿ ಓಡುವವನ ಕಾಲು ಮುಂದಕ್ಕೆ ಬೀಸಿ ನೆಲಕ್ಕೆ ಇಳಿಯುವ ಮೊದಲಿನ ಕ್ಷಣದಲ್ಲಿ, ಮುಂದಕ್ಕೆ ಎಸೆಯಲ್ಪಟ್ಟ ಮೊಣಕಾಲಿನ ಕೆಳಗಿನ ಭಾಗವನ್ನು ಹಿಡಿದು ನಿಲ್ಲಿಸುವ ಹೊಣೆ ತೊಡೆಯ ಹಿಂಭಾಗದ ಸ್ನಾಯುಗಳದು; ಅವು ಅತ್ಯಂತ ಉದ್ದವಾಗಿರುವುದೂ ಅತ್ಯಂತ ಹೆಚ್ಚು ಬಲವನ್ನು ಕೊಡಬೇಕಾಗಿರುವುದೂ ಆ ಒಂದೇ ಕ್ಷಣದಲ್ಲಿ. ಓಟಗಾರರ ತೊಡೆ ಹಿಂದೆ ಚಳಕ್ಕೆಂದು ಹಿಡಿದುಕೊಂಡು ಅವರು ಕುಂಟುತ್ತ ಕಣದಿಂದ ಹೊರಬರುವುದು ಹೆಚ್ಚಾಗಿ ಈ ಕ್ಷಣದ ಫಲ.

ಇದಕ್ಕೆ ಪರಿಹಾರವಾಗಿ ಡೆನ್ಮಾರ್ಕಿನ ಕಾಲ್ಚೆಂಡಾಟದ 942 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವನ್ನು ಹೇಳಬೇಕು. ಅವರಲ್ಲಿ ಒಂದು ಗುಂಪಿನವರಿಗೆ ಕೊಟ್ಟ ಹೆಚ್ಚಿನ ಸಾಧನೆ ಒಂದೇ: ಮೊಣಕಾಲೂರಿ ನಿಲ್ಲುವುದು, ಜೊತೆಗಾರನೊಬ್ಬನು ಹಿಂದಿನಿಂದ ಹರಡುಗಳನ್ನು ಒತ್ತಿ ಹಿಡಿಯುವುದು, ಬೆನ್ನು ಟೊಂಕಗಳನ್ನು ನೆಟ್ಟಗಿಟ್ಟುಕೊಂಡೇ ಮೈಯನ್ನು ಆದಷ್ಟು ಮೆಲ್ಲಗೆ ಮುಂದಕ್ಕೆ ಇಳಿಸುವುದು, ತಡೆಯಲಾಗದಾದಾಗ ಕೈಯೂರುವುದು. ಹತ್ತು ವಾರ ಕ್ರಮವಾಗಿ ಏರಿಸಿ, ಆಮೇಲೆ ವಾರಕ್ಕೊಂದು ಸಲ ಇದನ್ನು ಮಾಡಿದವರಲ್ಲಿ ತೊಡೆಯ ಹಿಂಭಾಗದ ಗಾಯಗಳು 15, ಮಾಡದವರಲ್ಲಿ 52. ಸಾಮಾನು ಬೇಡ, ದುಡ್ಡು ಬೇಡ. ಬೇಕಾದುದು ಒಬ್ಬ ಗೆಳೆಯನೂ ಒಂದಿಷ್ಟು ಮೆತ್ತನೆಯ ಮಣ್ಣೂ. ಇವೆರಡಕ್ಕೂ ನಮ್ಮ ಗರಡಿಗಳಲ್ಲಿ ಬಡತನವಿಲ್ಲ.

ಗರಡಿಯಲ್ಲಿರುವುದೆಲ್ಲ ಜ್ಞಾನವೇ ಎಂದು ಇದರಿಂದ ತಿಳಿಯಬಾರದು. ಬೈಠಕ್ಕುಗಳನ್ನು ಸಾವಿರದ ಲೆಕ್ಕದಲ್ಲಿ ಹೊಡೆಸುವುದು ಸಹನೆಯ ಪರೀಕ್ಷೆಯಾದೀತೇ ಹೊರತು ಬಲದ ಸಾಧನೆಯಾಗದು. ಒಂದು ಮಿತಿಯನ್ನು ಮೀರಿದ ಮೇಲೆ ಬಲ ಹೆಚ್ಚಬೇಕಾದರೆ ಎಣಿಕೆಯನ್ನಲ್ಲ, ಭಾರವನ್ನು ಏರಿಸಬೇಕು. ಎಳೆಯ ಹುಡುಗರಿಂದ ನೆತ್ತಿಯ ಮೇಲೆ ಇಡೀ ಮೈಯ ಭಾರ ಹೊರಿಸಿ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುವ ಅಭ್ಯಾಸವನ್ನು ಕಂಡಾಗ ನನಗೆ ವಸ್ತಾದರ ಮೇಲಿನ ಗೌರವ ಸ್ವಲ್ಪ ಕಡಿಮೆಯಾಗುತ್ತದೆ. ಹುಟ್ಟಿನಿಂದಲೇ ಕೀಲುಗಳು ಸಡಿಲವಾಗಿರುವ ಹುಡುಗನೊಬ್ಬನಿದ್ದರೆ, ಅವನನ್ನು ಮತ್ತಷ್ಟು ಬಾಗಿಸಿ ಜನರಿಗೆ ತೋರಿಸುವ ಚಪಲವೂ ಒಳ್ಳೆಯದಲ್ಲ. ಅವನಿಗೆ ಬೇಕಾದುದು ಬಾಗುವಿಕೆಯಲ್ಲ, ಬಾಗಿದಲ್ಲಿ ಹಿಡಿದು ನಿಲ್ಲಿಸುವ ಬಲ. ಆದರೂ ಯಾವ ಪಟ್ಟಿಗೆ ಮೊದಲು ಯಾವ ಕಸರತ್ತು, ಯಾವ ಹುಡುಗನಿಗೆ ಯಾವುದು ಬೇಡ ಎಂಬ ವಿವೇಚನೆ ಬಾಯಿಂದ ಬಾಯಿಗೆ ನಡೆದುಬಂದುದು ಬೇಕಾದಷ್ಟಿದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ 2011ರಲ್ಲಿ ವಿಶ್ವವಿದ್ಯಾಲಯವೊಂದು ಸ್ಥಾಪಿತವಾಗಿರುವುದರಿಂದ, ಹಾಡು ಕಥೆಗಳನ್ನು ಬರೆದಿಡುವಷ್ಟೇ ಶ್ರದ್ಧೆಯಿಂದ ಈ ಮೈಯ ವಿದ್ಯೆಯನ್ನೂ, ಒಂದೊಂದು ಕಸರತ್ತಿನ ಕೋನ, ಎಣಿಕೆ, ಉಸಿರುಗಳ ಸಮೇತ, ಬರೆದಿಡುವುದು ಅಲ್ಲಿಯ ವಿದ್ವಾಂಸರಿಗೆ ತಕ್ಕ ಕೆಲಸವೆಂದು ನನ್ನ ಎಣಿಕೆ.

ಇನ್ನು ಜಂಗಿ ನಿಕಾಲಿ ಕುಸ್ತಿಯ ಬೆಳ್ಳಿ ಕಡೆಯನ್ನು ಬಯಸದೆ, ಸರಕಾರಿ ನೌಕರಿಯೊಂದನ್ನು ಬಯಸಿ ಬೆವರು ಸುರಿಸುವವರ ಮಾತು. ಸವಣೂರು, ಹಿರೇಕೆರೂರು, ಶಿಗ್ಗಾಂವಿಗಳ ಮೈದಾನಗಳಲ್ಲಿ ಬೆಳಕು ಹರಿಯುವ ಮೊದಲೇ ಓಡುತ್ತಿರುವ ತರುಣರಲ್ಲಿ ಬಹುಮಂದಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ತಯಾರಾಗುವವರು. ಗಂಡಸರಿಗೆ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, 3.80 ಮೀಟರ್ ಉದ್ದ ಜಿಗಿಯಬೇಕು, ಇಲ್ಲವೆ 1.20 ಮೀಟರ್ ಎತ್ತರ ಹಾರಬೇಕು, 7.26 ಕಿಲೋಗ್ರಾಂ ಗುಂಡನ್ನು 5.60 ಮೀಟರ್ ಎಸೆಯಬೇಕು. ಓಟಕ್ಕೆ ಮೊದಲು ಇವರು ಸಾಲಾಗಿ ಕುಳಿತು ಕಾಲು ಚಾಚಿ, ಬೆರಳು ಹಿಡಿದು, ನಿಮಿಷಗಟ್ಟಲೆ ಅಲುಗದೆ ಇರುವುದನ್ನು ನೋಡಬಹುದು. ಇದು ವ್ಯರ್ಥವಷ್ಟೇ ಅಲ್ಲ, ಸ್ವಲ್ಪ ಹಾನಿಕರವೂ ಹೌದು. ನೂರಕ್ಕೂ ಮೇಲ್ಪಟ್ಟ ಅಧ್ಯಯನಗಳನ್ನು ಕೇ ಮತ್ತು ಬ್ಲೇಝೆವಿಚ್ 2012ರಲ್ಲಿ ಪರಿಶೀಲಿಸಿ, ಒಂದು ಸ್ನಾಯುವನ್ನು 45 ಸೆಕೆಂಡಿಗಿಂತ ಕಡಿಮೆ ಹಿಗ್ಗಿಸಿದರೆ ಬಾಧಕವಿಲ್ಲವೆಂದೂ 60 ಸೆಕೆಂಡು ಮೀರಿದರೆ ಒಡನೆ ಮಾಡುವ ಜಿಗಿತ ಎಸೆತಗಳ ಬಲ ಕುಂದುವ ಸಂಭವವಿದೆಯೆಂದೂ ಕಂಡರು. ಅಲುಗದೆ ಹಿಗ್ಗಿಸುವುದನ್ನು ಸಂಜೆಗೆ ಇಟ್ಟುಕೊಂಡು, ಬೆಳಗ್ಗೆ ಮೈ ಬೆಚ್ಚಗಾಗುವಷ್ಟು ಓಡಿ, ಕಾಲು ಬೀಸಿ, ಹತ್ತಿಪ್ಪತ್ತು ದಂಡ ಹೊಡೆದು ಗುಂಡೆತ್ತಿಕೊಂಡರೆ ಅದೇ ಲೇಸು.

ಈ ತರುಣರಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಅವರ ತಂದೆ ಹೊಲದ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಹಿಮ್ಮಡಿ ನೆಲಕ್ಕೆ ಪೂರ್ತಿ ಊರಿ, ಅರ್ಧ ತಾಸು ಮಾತಾಡಬಲ್ಲರು; ಮಗನಿಗೆ ಹಿಮ್ಮಡಿ ಊರುವುದಿಲ್ಲ, ಹಿಂದಕ್ಕೆ ಬೀಳುತ್ತಾನೆ. ಬೆಂಚು, ಕುರ್ಚಿ, ಬೈಕುಗಳ ಮೇಲೆ ಕಳೆದ ವರ್ಷಗಳಲ್ಲಿ ಹರಡಿನ ಚಲನೆ ಅಷ್ಟು ಕುಗ್ಗಿಹೋಗಿರುತ್ತದೆ. ಹಾಗೆಂದು ತಂದೆಗೆ ಮಗನಿಗಿಂತ ಹೆಚ್ಚು ಜಿಗಿಯಲು ಬರುವುದೆಂದಲ್ಲ. ತಂದೆಯಲ್ಲಿ ಚಲನೆ ಉಳಿದಿದೆ, ವೇಗದ ಬಲವಿಲ್ಲ. ಮಗನಲ್ಲಿ ಬಲವಿದೆ, ಅದು ಓಡಾಡಲು ಸ್ಥಳ ಸಾಲದಾಗಿದೆ. ಗುಂಡನ್ನೆಸೆಯುವವನು ಮಂಡಿ ಬಗ್ಗಿಸಿ ತಗ್ಗಿದಷ್ಟೂ, ಗುಂಡು ಕೈಬಿಡುವ ಮೊದಲು ಅದನ್ನು ತಳ್ಳಲು ಅವನಿಗೆ ದೂರ ಹೆಚ್ಚು ಸಿಕ್ಕುತ್ತದೆ. ಬಲ ಅಷ್ಟೇ ಇದ್ದರೂ ದೂರ ಹೆಚ್ಚಿದರೆ ಗುಂಡಿಗೆ ವೇಗ ಹೆಚ್ಚುವುದೆಂಬುದು ಹೈಸ್ಕೂಲಿನ ಭೌತಶಾಸ್ತ್ರ.

ಇವೆಲ್ಲಕ್ಕೂ ಕಾಲ ಬೇಕು, ಎಲ್ಲ ಅಂಗಾಂಶಗಳಿಗೂ ಒಂದೇ ಪ್ರಮಾಣದಲ್ಲಿ ಅಲ್ಲ. ನರಗಳು ಕೆಲವೇ ವಾರಗಳಲ್ಲಿ ಕಲಿಯುತ್ತವೆ. ಸ್ನಾಯು ತಿಂಗಳುಗಳಲ್ಲಿ ಬೆಳೆಯುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳು ತೀರ ಮಂದಗಾಮಿಗಳು. ಅಣುಬಾಂಬುಗಳ ಪರೀಕ್ಷೆಯಿಂದ 1950-60ರ ದಶಕಗಳಲ್ಲಿ ವಾತಾವರಣಕ್ಕೆ ಸೇರಿದ ಇಂಗಾಲ-14ರ ಜಾಡು ಹಿಡಿದು ಹೊರಟ ಡೆನ್ಮಾರ್ಕಿನ ಸಂಶೋಧಕರು, ಹಿಮ್ಮಡಿಯ ಮೇಲಿನ ದೊಡ್ಡ ರಜ್ಜುವಿನ ಒಳತಿರುಳು ಮನುಷ್ಯನಿಗೆ ಸುಮಾರು ಹದಿನೇಳು ತುಂಬುವವರೆಗೆ ಕಟ್ಟಲ್ಪಟ್ಟು ಅನಂತರ ಬಹುಮಟ್ಟಿಗೆ ಹೊಸತಾಗುವುದೇ ಇಲ್ಲವೆಂದು 2013ರಲ್ಲಿ ತಿಳಿಸಿದರು. ಹುಡುಗರನ್ನು ಚಿಕ್ಕಂದಿನಲ್ಲಿಯೇ ಮಣ್ಣಿಗಿಳಿಸುವ ಗರಡಿಯ ವಾಡಿಕೆಗೆ ಇದು ಬೆಂಬಲವಾಗಿರುವಂತೆಯೇ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮೈದಾನಕ್ಕಿಳಿದವನು ಸ್ನಾಯುವಿನ ಹುರುಪನ್ನು ನಂಬಿ ಭಾರವನ್ನು ಒಮ್ಮೆಲೇ ಏರಿಸಬಾರದೆಂಬುದಕ್ಕೂ ಇದೇ ಕಾರಣ. ನೇಮಕಾತಿಯ ಪ್ರಕಟಣೆ ಬಂದ ಮೇಲೆ ಬೂಟು ಕೊಳ್ಳುವುದು ನಮ್ಮ ಹುಡುಗರ ರೂಢಿ. ಆದರೂ ಅರ್ಜಿ, ಲಿಖಿತ ಪರೀಕ್ಷೆ, ಫಲಿತಾಂಶಗಳು ಮುಗಿದು ದೈಹಿಕ ಪರೀಕ್ಷೆಯ ಕರೆ ಬರುವುದಕ್ಕೆ ಹಿಡಿಯುವ ಕಾಲವನ್ನು ಲೆಕ್ಕ ಹಾಕಿದರೆ, ಡೆನ್ಮಾರ್ಕಿನ ಆಟಗಾರರು ತೆಗೆದುಕೊಂಡ ಹತ್ತು ವಾರಗಳು, ಅರ್ಜಿ ಹಾಕಿದ ಸಂಜೆಯೇ ಮೊಣಕಾಲೂರಿದವನಿಗೆ, ಸಿಕ್ಕಿಯೇ ಸಿಕ್ಕುತ್ತವೆ.